ಹದಿಮೂರನೆಯ ಹಟ್ಟಿ

ಸತ್ತವನ ದನಿ ಮತ್ತೆ ಕೂಗಿತು.

"ಹುರ್ರ್... ಬಾ, ಬಾ, ಬಾ."

ಒಲೆಯ ಮುಂದೆ ಕೂತಿದ್ದ ಹಾಲವ್ವ ನಾದುತ್ತಿದ್ದ ಹಿಟ್ಟನ್ನು ಪರಾತದಲ್ಲೇ ಬಿಟ್ಟು ಬಾಗಿಲಿಗೆ ಓಡಿದಳು. ಹೊರಗೆ ಎಳೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಗುಡ್ಡದ ಮೇಲೆ ಗಾಳಿಗೆ ತಿರುಗುವ ಪವನಚಕ್ಕಿಯ ರೆಕ್ಕೆಯ ನೆರಳು ಅಂಗಳವನ್ನು ಗುಡಿಸಿದಂತೆ ಹಾದುಹೋಯಿತು. ಅದರ ಹಿಂದೆ ಇನ್ನೊಂದು ಬಂತು. ಬೇಲಿಗೆ ಕಟ್ಟಿದ್ದ ಗಂಟೆಯ ಆಡು ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಮನೆಯ ಕಡೆಗೇ ನೋಡುತ್ತಿತ್ತು. ಅದಕ್ಕೂ ಆ ದನಿಯ ಗುರುತಿತ್ತು.

ಹಾಲವ್ವ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತು, ಏನೂ ಆಗದವಳಂತೆ ಒಲೆಗೆ ತಿರುಗಿ ಬಂದಳು.

"ಫೋನ್ ಬಂದ್ ಮಾಡು ಶೀತಲ," ಎಂದಳು ದಾಕ್ಷಾಯಣಿ.

ಶೀತಲ ಬಂದ್ ಮಾಡಲಿಲ್ಲ. ಕಂಬಕ್ಕೆ ಒರಗಿ ಕೂತವಳು ಕಣ್ಣನ್ನೇ ಎತ್ತಲಿಲ್ಲ. ಮೂರು ದಿನದಿಂದ ಆಕೆ ಹೀಗೇ ಇದ್ದಾಳೆಂದು ವಸ್ತಿಯ ಅಕ್ಕಪಕ್ಕದ ಮನೆಯ ಹೆಂಗಸರು ಬಂದು ಹೇಳಿದ್ದರಿಂದಲೇ ದಾಕ್ಷಾಯಣಿ ಬೆಳಗಾಗುತ್ತಲೇ ಸ್ಕೂಟರ್ ಹತ್ತಿ ಬಂದಿದ್ದಳು. ಸೋನ್ಯಾಳದ ಪೊಲೀಸ್ ಪಾಟೀಲಕಿ ಅವಳದು. ಊರಲ್ಲಿ ಕಳ್ಳತನವಾಗಲಿ, ಹೊಡೆದಾಟವಾಗಲಿ, ಸಾವಾಗಲಿ, ಜತ್ತದ ಠಾಣೆಗೆ ಮೊದಲ ಸುದ್ದಿ ಹೋಗುವುದು ಅವಳಿಂದ.

ನಾಲ್ಕು ತಿಂಗಳ ಹಿಂದೆ ಕಲ್ಲಿನ ಖಣಿಯ ತಳದಲ್ಲಿ ಹೆಣವಾಗಿ ಸಿಕ್ಕ ವಿಜಯ ಈ ಶೀತಲಳ ಗಂಡ, ಹಾಲವ್ವನ ಮಗ. ಫೋನಿನಿಂದ ಕೂಗುತ್ತಿದ್ದ ದನಿ ಅವನದು.

ಅವನು ಬದುಕಿದ್ದಾಗ ಮಾಡಿದ ಆಟ ಅದು. ಒಗಟಿನ ಆಟ. ಹೆಸರು 'ಹಟ್ಟಿ'. ತೆರೆಯ ಮೇಲೆ ಚೌಕ ಚೌಕವಾದ ಬಯಲು. ಅದರಲ್ಲಿ ಕುರಿಗಳು, ಒಬ್ಬ ಕುರುಬ, ಕೊರಳಿಗೆ ಗಂಟೆ ಕಟ್ಟಿದ ಒಂದು ಆಡು. ಕುರುಬನು ಕುರಿಯನ್ನು ಮುಟ್ಟುವಂತಿಲ್ಲ, ದೂಡುವಂತಿಲ್ಲ. ಆಡನ್ನು ಕರೆಯಬಹುದು, ಅಷ್ಟೇ. ಕರೆದಾಗ ವಿಜಯನ ಸ್ವಂತ ದನಿ ಬರುತ್ತದೆ, ಆಡು ಒಂದು ಚೌಕ ಮುಂದೆ ಬರುತ್ತದೆ, ಅದರ ಹಿಂದೆ ಕುರಿ. ಪ್ರತಿ ಹೆಜ್ಜೆಗೂ ಮೇಲೆ ಸೂರ್ಯ ಒಂದಿಷ್ಟು ಏರುತ್ತಾನೆ. ನೆತ್ತಿಗೆ ಬಂದನೋ, ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಒಂದು ತಲೆ ಇಟ್ಟು ನಿಂತುಬಿಡುತ್ತವೆ. ಆಮೇಲೆ ಬ್ರಹ್ಮ ಬಂದರೂ ಕದಲುವುದಿಲ್ಲ. ಅಷ್ಟರೊಳಗೆ ಎಲ್ಲವನ್ನೂ ಹಟ್ಟಿಗೆ ಸೇರಿಸಬೇಕು.

ಇಂಥ ಹನ್ನೆರಡು ಹಟ್ಟಿಗಳನ್ನು ವಿಜಯ ಮಾಡಿಟ್ಟು ಸತ್ತಿದ್ದ. ಬಿಳೂರದಿಂದ ಕರಜಗಿಯ ತನಕ ಕಟ್ಟೆಯ ಮೇಲೆ ಕೂತ ಹುಡುಗರೆಲ್ಲರ ಕೈಯಲ್ಲೂ ಆ ಆಟವಿತ್ತು.

ಮೂರು ದಿನದ ಹಿಂದೆ, ಯಾರೂ ಕೇಳದೆ, ಹದಿಮೂರನೆಯ ಹಟ್ಟಿ ತಾನಾಗಿ ತೆರೆದುಕೊಂಡಿತ್ತು.

"ಅವರ ಮಾಡ್ಯಾರ್ರಿ ಅಕ್ಕಾರ," ಎಂದಳು ಶೀತಲ, ಮೆಲ್ಲಗೆ. "ಅವರ ಕೈ ನನಗ ಗೊತ್ತಾಗತೈತಿ. ಎಲ್ಲಿಂದ ಮಾಡ್ಯಾರ ಅನ್ನೂದ ತಿಳೀವಲ್ದು."

ದಾಕ್ಷಾಯಣಿಗೆ ಸಿಟ್ಟು ಬಂತು. ದೆವ್ವದ ಮಾತು ಅವಳಿಗೆ ಆಗುತ್ತಿರಲಿಲ್ಲ. ಸತ್ತವರು ಕಂಪ್ಯೂಟರ್ ಹಿಡಿದು ಕೂಡುವುದಿಲ್ಲ, ಇದು ಯಾವುದೋ ಬದುಕಿದ ಹರಾಮಖೋರನ ಕೆಲಸ, ಸೋಮವಾರದ ಚಿಂತೆ ಮಾಡು ಎಂದು ಗದರಿದಳು.

ಸೋಮವಾರ ಎಂದೊಡನೆ ಶೀತಲಳ ಬೆರಳು ನಿಂತಿತು.

ಸೋಮವಾರ ಜತ್ತದ ಠಾಣೆಯ ಫೌಜದಾರರು ವಿಜಯನ ಸಾವಿನ ತಪಾಸ ಮುಗಿಸಿ ಕಾಗದ ಮೇಲಕ್ಕೆ ಕಳಿಸುವವರಿದ್ದರು. ಅದಕ್ಕೆ ಪೊಲೀಸ್ ಪಾಟೀಲಳ ಜವಾಬು, ಅಂದರೆ ಬರೆದುಕೊಟ್ಟ ಹೇಳಿಕೆ, ಬೇಕಾಗಿತ್ತು. ಸಾಯುವ ಹಿಂದಿನ ದಿನ ಗಂಡ ಹೆಂಡತಿ ಜಗಳಾಡಿದ್ದರು. ಊಟ ನಿದ್ದೆ ಬಿಟ್ಟು ಫೋನಿನಲ್ಲೇ ಮುಳುಗಿದ್ದ ಗಂಡನಿಗೆ ಶೀತಲ, "ಈ ಆಟಾನ ನಿನ್ನ ನುಂಗಲಿ," ಎಂದು ಕೂಗಿದ್ದನ್ನು ವಸ್ತಿಯೆಲ್ಲ ಕೇಳಿತ್ತು. ಮರುದಿನ ಅವನು ಖಣಿಯಲ್ಲಿ ಸಿಕ್ಕ. ಹೆಂಡತಿಯ ಮಾತಿಗೆ ನೊಂದು ಹಾರಿಕೊಂಡ ಎಂದು ಊರು ತೀರ್ಮಾನಿಸಿಬಿಟ್ಟಿತು. ವಿಜಯನ ಅಪ್ಪ, ಶೀತಲಳ ಮಾವ ಲಗಮಣ್ಣ ನಾಲ್ಕು ಮಂದಿಯ ಮುಂದೆ ಹೇಳಿದ್ದ: ಕಾಗದದಲ್ಲೂ ಹಾಗೇ ಬಂದರೆ ಸೊಸೆ ಕರಜಗಿಯ ತವರಿಗೆ ಹೋಗಬೇಕು. ಮೊಮ್ಮಗಳು ಸುಮನ ಇಲ್ಲೇ ಉಳಿಯಬೇಕು.

ಸುಮನಳಿಗೆ ನಾಲ್ಕು ವರ್ಷ. ಆಗ ಅವಳು ಆಡಿನ ಗಂಟೆ ಹಿಡಿದು ಆಡಿಸುತ್ತ ಬೇಲಿಯ ಹತ್ತಿರ ಕೂತಿದ್ದಳು.

"ನೀವು ಏನ ಬರೀತೀರಿ ಅಕ್ಕಾರ?"

"ನನಗ ಖರೇ ಅನ್ನಿಸಿದ್ದ ಬರೀತೀನಿ. ಖರೇ ಏನಂತ ಇನ್ನಾ ತಿಳಿದಿಲ್ಲ."

ಇದಕ್ಕಿಂತ ಮೆತ್ತಗೆ ಮಾತಾಡಲು ದಾಕ್ಷಾಯಣಿಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಲಗಮಣ್ಣ ಒಳಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮಗ ಸತ್ತ ಮೇಲೆ ಮನುಷ್ಯ ಅರ್ಧವಾಗಿದ್ದ. ಸೊಸೆಯ ಕೈಯಲ್ಲಿ ಫೋನು ಕಂಡು ಹಲ್ಲು ಕಡಿದ. ದಾಕ್ಷಾಯಣಿ ಅದನ್ನು ಕಸಿದು ಅವನ ಮುಖದ ಮುಂದೆ ಹಿಡಿದು, ಈ ಹಟ್ಟಿ ನೋಡು, ಇದು ನಿನ್ನ ಮಗನ ಕೆಲಸವೋ ಬೇರೆಯವರದೋ ಹೇಳು ಎಂದಳು.

ಮುದುಕ ಚೇಳು ಕಂಡವನಂತೆ ಹಿಂದೆ ಸರಿದ.

"ಅದನ್ನ ನಾ ಕೈಲೆ ಮುಟ್ಟಿಲ್ಲ ದಾಕ್ಷಾಯಣವ್ವ. ಅವ ಇದ್ದಾಗೂ ಮುಟ್ಟಿಲ್ಲ. ಈ ಹಾಳ ಆಟ ಹ್ಯಾಂಗಿರತೈತಿ ಅನ್ನೂದ ನನಗ ಗೊತ್ತಿಲ್ಲ."

ಹೇಳಿದವನೇ ತಿರುಗಿ ಅಂಗಳಕ್ಕೆ ಹೋದ. ಪವನಚಕ್ಕಿಯ ನೆರಳು ಅವನ ಬೆನ್ನಿನ ಮೇಲೂ ಹಾದುಹೋಯಿತು.

*

ದಾಕ್ಷಾಯಣಿಗೆ ಇಂಥ ಆಟಗಳ ಮೇಲೆ ಮೊದಲಿನಿಂದಲೂ ತಿರಸ್ಕಾರ. ಕೆಲಸವಿಲ್ಲದವರ ಕೆಲಸ ಎನ್ನುತ್ತಿದ್ದಳು. ವಿಜಯ ಸತ್ತ ಮೇಲೆ ತಪಾಸಕ್ಕೆ ಬೇಕೆಂದು ತನ್ನ ಫೋನಿಗೂ ಹಾಕಿಸಿಕೊಂಡಿದ್ದೇ ತಪ್ಪಾಯಿತು.

ಮೊದಲ ಎರಡು ಹಟ್ಟಿ ಮಕ್ಕಳಾಟ. ಮೂರನೆಯದರಲ್ಲಿ ಅವಳು ಸೋತಳು. ಸೋತಾಗ ಆಟ ನಗಲಿಲ್ಲ, ಬೈಯಲಿಲ್ಲ. ಕುರಿಗಳು ತಲೆ ತಗ್ಗಿಸಿ ನಿಂತವು, ಅಷ್ಟೇ. ಮೂಲೆಯಲ್ಲಿ ಒಂದು ಸೊಟ್ಟ ಬಾಣವಿತ್ತು. ಒತ್ತಿದರೆ ಒಂದು ಹೆಜ್ಜೆ ಹಿಂದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಹೆಜ್ಜೆ. ತಪ್ಪು ಮಾಡಿದ ಜಾಗದ ತನಕ ಹಿಂದೆ ಹೋಗಿ ನಿಲ್ಲಬಹುದು. ಆ ಜಾಗ ಯಾವುದೆಂದು ಮಾತ್ರ ಅದು ಹೇಳುವುದಿಲ್ಲ.

ಅದೇ ಅವಳನ್ನು ಹಿಡಿದುಹಾಕಿತು. ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಕಲಾಯಿತು. ದಾಳಿಂಬೆ ತೋಟಕ್ಕೆ ನೀರು ಬಿಡಲು ಹೊರಟ ಗಂಡ ಈಶ್ವರ ಬಾಗಿಲಲ್ಲಿ ನಿಂತು, ಈಗ ಪೊಲೀಸ್ ಪಾಟೀಲಳ ಮೇಲೆ ಯಾರಿಗೆ ದೂರು ಕೊಡಲಿ ಎಂದು ಕೇಳಿದ. ಅವಳು ಸಿಟ್ಟಿನಿಂದ ಫೋನನ್ನು ಹಾಸಿಗೆಯ ಮೇಲೆ ಎಸೆದಳು. ಅವನು ಗೇಟು ದಾಟುವ ಮೊದಲೇ ಮತ್ತೆ ಎತ್ತಿಕೊಂಡಳು.

ದಾರಿ ಇಲ್ಲವೇ ಇಲ್ಲ ಎಂದು ಖಾತ್ರಿಯಾಗುತ್ತದೆ. ಮಾಡಿದವನೇ ತಪ್ಪು ಮಾಡಿದ್ದಾನೆ ಎಂದು ಬೈಯುತ್ತೇವೆ. ಬಿಟ್ಟು ಎದ್ದು, ಎಮ್ಮೆಗೆ ಮೇವು ಹಾಕುವಾಗಲೋ ಬಟ್ಟೆ ಹಿಂಡುವಾಗಲೋ, ತಲೆಯೊಳಗೆ ಕದ ತೆರೆದಂತಾಗುತ್ತದೆ. ದಾರಿ ಮೊದಲಿನಿಂದಲೂ ಅಲ್ಲೇ ಇತ್ತು. ನೋಡಿರಲಿಲ್ಲ ಅಷ್ಟೇ. ಆ ಗಳಿಗೆಯ ಸುಖವನ್ನು ದಾಕ್ಷಾಯಣಿ ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಅವಳು ಹೇಳಿರಲಿಲ್ಲ. ಒಂಬತ್ತನೆಯ ಹಟ್ಟಿಗೆ ಬರುವಷ್ಟರಲ್ಲಿ ಎದುರಿಗೆ ಯಾರೋ ಕೂತಿದ್ದಾರೆ ಅನ್ನಿಸತೊಡಗಿತ್ತು. ಗಲ್ಲಕ್ಕೆ ಕೈ ಇಟ್ಟು, ಇವಳು ಎಲ್ಲಿ ಎಡವುತ್ತಾಳೆಂದು ಮೊದಲೇ ತಿಳಿದುಕೊಂಡು, ಸುಮ್ಮನೆ ನೋಡುತ್ತ ಕೂತ ಒಬ್ಬ ಹುಡುಗ. ಬದುಕಿದ್ದಾಗ ವಿಜಯನನ್ನು ಅವಳು ನೆಟ್ಟಗೆ ಮಾತಾಡಿಸಿದವಳಲ್ಲ. ಈಗ ಅವನ ಬುದ್ಧಿಯ ಮೂಲೆ ಮೂಲೆಯೂ ಗೊತ್ತಾಗಿತ್ತು. ಅಗಲವಾದ ದಾರಿಯನ್ನು ಆಸೆ ತೋರಿಸಲು ಇಡುತ್ತಾನೆ. ನಿಜವಾದ ದಾರಿ ಬೆನ್ನ ಹಿಂದೆ ಇರುತ್ತದೆ. ಆದರೆ ಎಂದೂ ಮೋಸ ಮಾಡುವುದಿಲ್ಲ.

ಹೀಗೆ ಗೊತ್ತಾದ ಮನುಷ್ಯ ಹಾರಿಕೊಳ್ಳುವವನಲ್ಲ. ಹಿಂದೆ ಹೋಗಿ ಇನ್ನೊಂದು ದಾರಿ ಹುಡುಕುವವನು. ಅವಳ ಮನಸ್ಸು ಇಷ್ಟು ಹೇಳುತ್ತಿತ್ತು. ಮನಸ್ಸು ಹೇಳಿದ್ದನ್ನು ಫೌಜದಾರರ ಮುಂದೆ ಜವಾಬೆಂದು ಕೊಡಲಾಗುವುದಿಲ್ಲ.

ಅದಕ್ಕೇ ಶೀತಲಳ ಮನೆಯಿಂದ ಬಂದವಳು ಹದಿಮೂರನೆಯ ಹಟ್ಟಿಗೆ ಕೈ ಹಾಕಿದಳು. ಗೆಲ್ಲಲಿಲ್ಲ. ಸೋಲುತ್ತ ಸೋಲುತ್ತ ಒಂದು ವಿಚಿತ್ರ ಕಣ್ಣಿಗೆ ಬಿತ್ತು.

ಮರಿಗಳು.

ಹನ್ನೆರಡು ಹಟ್ಟಿಗಳಲ್ಲೂ ಹಾಲುಗುಡಿಯುವ ಮರಿಗಳು ಮೂಲೆಯ ಮರಿಗೂಡಿನಲ್ಲಿ ಕೂತೇ ಇರುತ್ತಿದ್ದವು. ಕುರಿ ಸಾಕುವವರು ಎಳೆ ಮರಿಯನ್ನು ತಾಯಿಯ ಜೊತೆ ಮೇಯಲು ಬಿಡುವುದಿಲ್ಲ. ಬಿಸಿಲಿಗೆ ಬೀಳುತ್ತವೆ, ತೋಳಕ್ಕೆ ಸಿಗುತ್ತವೆ. ಬೆಳಿಗ್ಗೆ ಹಾಲು ಕುಡಿಸಿ ಗೂಡಿಗೆ ಹಾಕಿದರೆ ಸಂಜೆಗೇ ಮತ್ತೆ ತಾಯಿ. ಈ ಸೀಮೆಯಲ್ಲಿ ನಡೆಯಲು ಕಲಿತ ಕೂಸಿಗೂ ಇದು ಗೊತ್ತು.

ಹದಿಮೂರನೆಯ ಹಟ್ಟಿಯಲ್ಲಿ ಮರಿಗಳು ತಾಯಂದಿರ ಜೊತೆ ನಡು ಬಯಲಿನಲ್ಲಿ ನಿಂತಿದ್ದವು. ಮರಿಗೂಡು ಖಾಲಿ. ಮೇಲಿನ ಮೂಲೆಯಲ್ಲಿ, ಹಟ್ಟಿಗೆ ಹೋಗುವ ಸಂದಿಯ ಪಕ್ಕದಲ್ಲೇ, ಒಂದು ತೋಳ ಕೂತಿತ್ತು.

ಕುರುಬರ ಮಗ ಇಂಥ ತಪ್ಪು ಮಾಡುವುದಿಲ್ಲ. ಕುರಿಯನ್ನು ದೂರದಿಂದ ಮಾತ್ರ ಕಂಡವನು ಮಾಡುತ್ತಾನೆ. ವಿಜಯನ ಆಟಕ್ಕೆ ಚಿತ್ರ ಬರೆದುಕೊಟ್ಟವನು, ಆಟದ ಬೀಗದ ಕೈ, ಅದರ ಪಾಸ್‌ವರ್ಡ್, ಇದ್ದ ಇನ್ನೊಬ್ಬನೇ ಒಬ್ಬ, ಅಂಥವನು. ಜತ್ತದಲ್ಲಿ ಮೊಬೈಲ್ ದುರುಸ್ತಿಯ ದುಕಾನಿಟ್ಟ ಮಹಾಂತ. ವ್ಯಾಪಾರಸ್ಥರ ಮನೆಯವನು. ವಿಜಯ ಸಾಯುವ ವಾರ ಅವನ ಜೊತೆ ದುಕಾನಿನಲ್ಲೇ ಜೋರಾಗಿ ಜಗಳಾಡಿದ್ದ.

ದಾಕ್ಷಾಯಣಿ ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ತೆಗೆದಳು.

*

ಮಹಾಂತ ಒಂದು ಬಿಚ್ಚಿದ ಫೋನಿನ ಮೇಲೆ ಬಗ್ಗಿದ್ದ. ಅವಳನ್ನು ಕಂಡು ಕುಂದ್ರಿ ಎಂದ. ಅವಳು ಕೂಡಲಿಲ್ಲ. ಕಾಯುತ್ತಿದ್ದ ಇಬ್ಬರು ಗಿರಾಕಿಗಳನ್ನು ಸಂಜೆಗೆ ಬರ್ರಿ ಎಂದು ಹೊರಗೆ ಕಳಿಸಿ, ಶಟರ್ ಅರ್ಧ ಎಳೆದಳು. ಒಳಗೆ ಮಬ್ಬಾಯಿತು. ಗೋಡೆಯ ತುಂಬ ತೂಗುಹಾಕಿದ ಸತ್ತ ಫೋನುಗಳ ಗಾಜಿನಲ್ಲಿ ಅವರಿಬ್ಬರ ಮುಖ ತುಂಡು ತುಂಡಾಗಿ ಕಾಣುತ್ತಿತ್ತು.

"ಹದಿಮೂರನೇ ಹಟ್ಟಿ ಯಾರ ಬಿಟ್ಟಾರ?"

ಮಹಾಂತ ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟ. "ನಾನ ಬಿಟ್ಟೀನ್ರಿ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಕೂಡಿಟ್ಟುಕೊಂಡು ಬಂದಿದ್ದ ಸಿಟ್ಟಿಗೆ ಜಾಗ ಸಿಗದೆ ಇನ್ನಷ್ಟು ಉರಿಯಿತು. ಮನೆಯಲ್ಲಿ ಒಬ್ಬ ತಾಯಿ ಆ ದನಿ ಕೇಳಿದಾಗಲೆಲ್ಲ ಬಾಗಿಲಿಗೆ ಓಡುತ್ತಾಳೆ, ಒಬ್ಬ ಹೆಂಡತಿ ತಲೆ ಕೆಟ್ಟು ಕೂತಿದ್ದಾಳೆ, ನಿನಗೆ ಸತ್ತವನ ಹೆಸರಿನಲ್ಲಿ ಚೇಷ್ಟೆ ಮಾಡಲು ನಾಚಿಕೆಯಾಗಲಿಲ್ಲವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಕಡೆಗೆ ಮರಿಗಳ ಮಾತು ತೆಗೆದಳು. ನಕಲು ಮಾಡುವವನು ಕುರಿಯ ಬಗ್ಗೆ ಒಂದಿಷ್ಟು ಕೇಳಿ ತಿಳಿದುಕೊಳ್ಳಬೇಕಿತ್ತು ಎಂದಳು.

ಮಹಾಂತ ಎಲ್ಲವನ್ನೂ ಕೇಳಿಸಿಕೊಂಡ. ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದವನ ದಣಿವಿತ್ತು.

"ಬಿಟ್ಟಾಂವ ನಾನ್ರಿ. ಮಾಡಿದಾಂವ ಅವನ."

"ಸುಳ್ಳ. ವಿಜಯಾ ಹಿಂಗ ತಪ್ಪ ಮಾಡಂಗಿಲ್ಲ."

"ತಪ್ಪಲ್ರಿ ಅದು. ಬೇಕಂತ ಮಾಡ್ಯಾನ." ಅವನು ಸ್ಟೂಲು ಸರಿಸಿಕೊಟ್ಟ. "ನೀವು ಸಣ್ಣವರಿದ್ದಾಗಿಂದ ಕುರಿ ಕಂಡವರು ಹೌದಿಲ್ರಿ? ಆಟದಾಗ ಮೊದಲ ಏನ ಮಾಡಿದ್ರಿ?"

ದಾಕ್ಷಾಯಣಿ ನೆನಪು ಮಾಡಿಕೊಂಡಳು. ಮೊದಲು ಮಾಡಿದ್ದು ಆಡನ್ನು ಕರೆದು ಮರಿಗಳನ್ನು ಗೂಡಿಗೆ ಸೇರಿಸುವುದನ್ನೇ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಗಿತ್ತು. ಪ್ರತಿ ಸಲವೂ ಹಾಗೇ. ಗೂಡಿಗೆ ಹಾಕುವಷ್ಟರಲ್ಲಿ ಸೂರ್ಯ ಅರ್ಧ ಏರಿರುತ್ತಿದ್ದ. ಆಮೇಲೆ ಆಡನ್ನು ಎಷ್ಟು ಕರೆದರೂ ತಾಯಿ ಕುರಿಗಳು ಗೂಡಿನ ಸುತ್ತ ಸುತ್ತುತ್ತಲೇ ಇರುತ್ತಿದ್ದವು.

"ಎಲ್ಲಾರೂ ಅಲ್ಲೇ ಸೋಲತಾರ್ರಿ. ನಾನೂ ಸೋತೆ. ಅವ ಹೇಳಿಕೊಟ್ಟ ಮ್ಯಾಲ ತಿಳೀತು."

ಅವನು ತನ್ನ ಫೋನಿನಲ್ಲಿ ಹಟ್ಟಿ ತೆಗೆದು ಕೌಂಟರಿನ ಮೇಲಿಟ್ಟ. ಆಡನ್ನು ಅವನು ಕರೆಯಲೇ ಇಲ್ಲ. ಒಂದು ಮರಿಯನ್ನು ಒತ್ತಿ ಮೇಲಕ್ಕೆ ಎಳೆದ. ಮರಿ ಕದಲಿತು. ಮರಿಯನ್ನು ಹಾಗೆ ನಡೆಸಬಹುದೆಂದು ದಾಕ್ಷಾಯಣಿಗೆ ಹೊಳೆದೇ ಇರಲಿಲ್ಲ. ಮರಿ ಒಂಟಿಯಾಗಿ, ಮುಂದೆ ಆಡಿಲ್ಲದೆ, ಹಿಂದೆ ಕುರುಬನಿಲ್ಲದೆ, ನೆಟ್ಟಗೆ ತೋಳದ ಕಡೆಗೆ ಹೊರಟಿತು. ಬರಿಯ ಚಿತ್ರವೆಂದು ಗೊತ್ತಿದ್ದರೂ ಅವಳಿಗೆ ಕೈ ಅಡ್ಡ ಇಡಬೇಕೆನಿಸಿತು.

ತೋಳ ಏಳಲಿಲ್ಲ. ಮರಿ ಅದರ ಪಕ್ಕದಲ್ಲೇ ಹಾದು ಸಂದಿಯೊಳಗೆ ನಡೆಯಿತು. ಅದರ ಹಿಂದೆ ಎರಡನೆಯದು. ಆಗ ಯಾರೂ ಕರೆಯದೆ ತಾಯಿ ಕುರಿಗಳು ತಿರುಗಿ, ಮರಿಗಳ ಬೆನ್ನು ಹತ್ತಿದವು.

"ಕುರಿ ಕಾದಾಂವ ಸತ್ತರೂ ಹಿಂಗ ಮಾಡಂಗಿಲ್ಲ," ಎಂದಳು ದಾಕ್ಷಾಯಣಿ. ದನಿ ತಗ್ಗಿತ್ತು.

"ಅದಕ್ಕ ಮಾಡ್ಯಾನ್ರಿ. ಹನ್ನೆರಡು ಹಟ್ಟಿ ಮಂದಿಗಿ. ಇದೊಂದು ಅವರಪ್ಪಗ."

ಆಮೇಲೆ ಅವನು ನಿಧಾನವಾಗಿ ಹೇಳಿದ. ವಿಜಯನಿಗೆ ಆ ವರ್ಷ ಹಿಂಡಿನ ಜೊತೆ ಊರೂರು ತಿರುಗಲು ಮನಸ್ಸಿರಲಿಲ್ಲ. ಸುಮನಳನ್ನು ಜತ್ತದಲ್ಲಿ ಓದಲು ಸಾಲಿಗೆ ಹಚ್ಚಿ, ಇಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿಯಬೇಕೆಂದಿದ್ದ. ಅಪ್ಪನ ಮುಂದೆ ಬಾಯಿ ತೆರೆದರೆ ಕೋಲು ಬರುತ್ತಿತ್ತು. ಮರಿಯನ್ನು ಮುಂದೆ ಬಿಟ್ಟರೆ ತೋಳ ತಿನ್ನುವುದಿಲ್ಲ, ಹಿಂಡೇ ಅದರ ಹಿಂದೆ ಬರುತ್ತದೆ ಎಂದು, ಬಾಯಿಂದ ಆಗದ್ದನ್ನು ಆಟದಿಂದ ಹೇಳುತ್ತೇನೆ ಎಂದ. ಇದನ್ನು ಹೊರಗಿನವರು ಯಾರೂ ಬಿಡಿಸಲಾರರು, ಆಟ ಹಾಳಾಗುತ್ತದೆ, ತೆಗೆದುಹಾಕು ಎಂದು ಮಹಾಂತ ಹಟ ಹಿಡಿದ. ಊರವರು ಕೇಳಿಸಿಕೊಂಡ ಜಗಳ ಅದೇ.

"ನಿಮಗ ಒಂದು ಗೊತ್ತದ ಏನ್ರಿ? ಅವ ಹೊಸಾ ಹಟ್ಟಿ ಮಾಡಿದ ಕೂಡ್ಲೆ ಒಬ್ಬರ ಕೈಯಾಗ ಫೋನ್ ಕೊಡ್ತಿದ್ದ. ತಾ ಮಗ್ಗಲದಾಗ ಸುಮ್ಮ ಕುಂದರ್ತಿದ್ದ. ಹೇಳಿಕೊಡಂಗಿಲ್ಲ, ನಗಂಗಿಲ್ಲ. ಅವರು ಎಲ್ಲಿ ತಪ್ಪತಾರ ಅಂತ ನೋಡೂದು. ಹಂಗ ಪರೀಕ್ಷಾ ಮಾಡದ ಒಂದೂ ಹೊರಗ ಬಿಟ್ಟಿಲ್ಲ."

ದಾಕ್ಷಾಯಣಿ ಸ್ಟೂಲಿನ ಮೇಲೆ ಕೂತಳು.

"ಹದಿಮೂರನೇದು ಯಾರ ಮ್ಯಾಲ ಪರೀಕ್ಷಾ ಮಾಡಿದ?"

"ಸಾಯೋ ದಿನ ಮುಂಜಾನೆ ಫೋನ್ ಮಾಡಿದ್ದ. ಇವತ್ತ ಮಧ್ಯಾಹ್ನ ಖಣಿ ದಂಡ್ಯಾಗಿನ ನಮ್ಮ ಕುರಿ ಹಟ್ಟ್ಯಾಗ ಅಪ್ಪಾ ಒಬ್ಬನ ಇರತಾನ, ಹ್ಯಾಂಗರ ಮಾಡಿ ಆಡಸ್ತೀನಿ ಅಂದ. ಅದ ಕಡೀ ಮಾತು."

ಶಟರಿನ ಕೆಳಗಿಂದ ರಸ್ತೆಯ ಧೂಳು ಒಳಗೆ ಬರುತ್ತಿತ್ತು. ಲಗಮಣ್ಣ ಪೊಲೀಸರಿಗೆ ಕೊಟ್ಟ ಜವಾಬು ಅವಳಿಗೆ ನೆನಪಿತ್ತು. ಆ ಮಧ್ಯಾಹ್ನ ಹಿಂಡು ಬಿಳೂರದ ಕಡೆ ಇತ್ತು, ಮಗನ ಮುಖವನ್ನೇ ನೋಡಲಿಲ್ಲ ಎಂದಿದ್ದ. ಯಾರೂ ಅದನ್ನು ಎರಡನೆಯ ಸಲ ಕೇಳಿರಲಿಲ್ಲ. ಮಗನನ್ನು ಕಳೆದುಕೊಂಡವನನ್ನು ಕೇಳುವುದು ಹೇಗೆ?

ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಲ್ಲ ಎಂದು ಅವಳು ಮಹಾಂತನ ಮೇಲೆ ಹರಿಹಾಯ್ದಳು. ಆ ಹುಡುಗಿಯನ್ನು ಮಗಳಿಂದ ಅಗಲಿಸಲು ಹೊರಟಿದ್ದಾರೆ, ಅದು ನಿನಗೆ ತಿಳಿಯದೇ ಎಂದಳು.

ಅವನ ಕಣ್ಣು ತುಂಬಿದವು. "ಏನಂತ ಹೇಳ್ಲೆರಿ? ವಿಜಯಾ ಅಲ್ಲಿಗಿ ಹೋಗೂಕಿಂತ ಮೊದ್ಲ ಬಿದ್ದಿದ್ರ? ಮುದುಕಗ ಭೇಟಿನ ಆಗಿರಲಿಲ್ಲಂದ್ರ? ಮಗನ್ನ ಕಳಕೊಂಡಾಂವನ ಮ್ಯಾಲ ನಾ ಸುಳ್ಳ ಕೊಲಿ ಹೊರಸಿದಂಗ ಆಗತಿತ್ತು."

"ಅದಕ್ಕ ಆಟ ಬಿಟ್ಟಿ?"

"ಹೌದ್ರಿ. ಒಮ್ಮೆ ಆಡಿ ತಿಳಕೊಂಡ ಹಟ್ಟಿ ಕೈ ಮರೆಯಂಗಿಲ್ಲ. ಬಾಯಿ ಸುಳ್ಳ ಹೇಳಬಹುದು. ಆ ಮುದುಕನ ಕೈಯಾಗ ಒಮ್ಮೆರ ಇದು ಸಿಗಲಿ ಅಂತ ಬಿಟ್ಟೀನಿ. ಮರಿ ಗೂಡಿಗಿ ಹಾಕಿದನೋ, ಅವ ಇದನ್ನ ನೋಡಿಲ್ಲ. ನಾ ಅವನ ಕಾಲಿಗಿ ಬೀಳತೀನಿ. ಹಾಕಲಿಲ್ಲೋ..."

ಹಾಕದಿದ್ದರೆ ಆ ಮಧ್ಯಾಹ್ನ ಮಗ ಅಪ್ಪನ ಕೈಗೆ ಫೋನು ಕೊಟ್ಟಿದ್ದ, ಅಪ್ಪ ಸುಳ್ಳು ಹೇಳಿದ್ದ.

ಕೌಂಟರಿನ ಮೇಲಿನ ಫೋನಿನಲ್ಲಿ ಎಲ್ಲ ಕುರಿಗಳೂ ಹಟ್ಟಿಯ ಬಾಗಿಲಿಗೆ ಬಂದಿದ್ದವು. ಇನ್ನೊಂದೇ ಒಂದು ಹೆಜ್ಜೆ ಉಳಿದಿತ್ತು. ದಾಕ್ಷಾಯಣಿ ಬೆರಳು ಮುಂದೆ ಮಾಡಿದಳು. ಮಹಾಂತ ತಟ್ಟನೆ ಕೈ ಅಡ್ಡ ಇಟ್ಟ.

"ಬ್ಯಾಡ್ರಿ. ಮುಗಿದ ಕೂಡ್ಲೆ ಅಲ್ಲಿ ಅವ ಏನೋ ಮಾತ ಹಾಕ್ಯಾನ. ಅಪ್ಪನ ಬಿಟ್ಟು ಯಾರೂ ಮೊದಲ ಕೇಳಬಾರದು ಅಂದಿದ್ದ. ಇಷ್ಟು ದಿನಾ ಆದ್ರೂ ನಾ ಕೇಳಿಲ್ಲ."

ಇಬ್ಬರೂ ಆ ಸಣ್ಣ ಬಯಲನ್ನೇ ನೋಡುತ್ತ ಕೂತರು. ಒಂದು ಹೆಜ್ಜೆಯ ಆಚೆಗೆ ಸತ್ತವನೊಬ್ಬ ಬಾಯಿ ತೆರೆಯಲು ಕಾಯುತ್ತಿದ್ದ.

ಆಗ ದಾಕ್ಷಾಯಣಿಯ ಸೊಂಟದ ಚೀಲದಲ್ಲಿ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಎತ್ತಿದರೆ ಶೀತಲಳ ದನಿ. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಅಕ್ಕಾರ, ಮುಗೀತ್ರಿ. ಹದಿಮೂರನೇದು ಮುಗೀತು."

ಇದು ಯಾರ ಫೋನು, ನಿನ್ನದು ಎಲ್ಲಿ ಎಂದು ದಾಕ್ಷಾಯಣಿ ಕೇಳಿದಳು. ಪಕ್ಕದ ಮನೆಯ ಸಿದ್ದವ್ವನದು, ತನ್ನದನ್ನು ಮಾವ ಒಯ್ದಿದ್ದಾನೆ ಎಂದು ಶೀತಲ ಒಂದೇ ಉಸಿರಿಗೆ ಹೇಳತೊಡಗಿದಳು. ಅತ್ತೆ ಮತ್ತೆ ಬಾಗಿಲಿಗೆ ಓಡಿ ಎಡವಿ ಬಿದ್ದಳು. ಮಾವನಿಗೆ ಅದನ್ನು ನೋಡಲಾಗಲಿಲ್ಲ. ಬಂದವನೇ ಫೋನು ಕಸಿದುಕೊಂಡ. ಎಸೆಯುತ್ತಾನೆ ಎಂದುಕೊಂಡಳು. ಎಸೆಯಲಿಲ್ಲ. ಇದನ್ನು ಮುಗಿಸಿದರೆ ಈ ದನಿ ಸುಮ್ಮನಾಗುತ್ತದೆ ಎಂದು ನೆಲದ ಮೇಲೆ ಕೂತುಬಿಟ್ಟ.

ದಾಕ್ಷಾಯಣಿ ಫೋನನ್ನು ಮಹಾಂತನಿಗೂ ಕೇಳುವಂತೆ ಹಿಡಿದಳು.

"ಶೀತಲ, ನೆಟ್ಟಗ ನೆನಸಿ ಹೇಳು. ಮಾವ ಮರಿ ಮೊದಲ ಗೂಡಿಗಿ ಹಾಕಿದನೇನು?"

"ಇಲ್ರಿ. ಗೂಡಿನ ಕಡಿ ಕಣ್ಣೂ ಹಾಯಿಸಲಿಲ್ಲ. ಮರಿಗೋಳನ್ನ ತೋಳದ ಕಡಿ ಬಿಟ್ರು. ನಾ ಹಾಂ ಹಾಂ ಅನ್ನೂದ್ರಾಗ ಎಲ್ಲಾ ಒಳಗ ಬಂದ್ವು. ಒಮ್ಮೆನೂ ಹಿಂದ ತಗೀಲಿಲ್ರಿ."

ಮಹಾಂತ ಕೌಂಟರು ಹಿಡಿದುಕೊಂಡ.

"ಆಮ್ಯಾಲ ಅವರು ಮಾತಾಡಿದ್ರು ಅಕ್ಕಾರ. ಫೋನಿನಾಗಿಂದ. ಇಷ್ಟು ದಿನಾ ಬರೇ ಕುರಿ ಕರ್ಯಾಕತ್ತಿದ್ರು. ಈಗ ಮಾತಾಡಿದ್ರು. 'ಯಪ್ಪಾ, ಈಗರ ತಿಳೀತೇನು?' ಅಂದ್ರು."

ಮಹಾಂತ ಫೋನಿನ ಹತ್ತಿರ ಬಗ್ಗಿದ. ಮುಂದೇನಾಯಿತು ಎಂದು ದಾಕ್ಷಾಯಣಿ ಕೇಳಿದಳು.

"ಮಾವ ಅದಕ್ಕ ಜವಾಬ ಕೊಟ್ರು. ಎದುರಿಗಿ ಕುಂತಾಂವನ ಜೋಡಿ ಮಾತಾಡಿದಂಗ. 'ಅವತ್ತ ತಿಳಿದಿತ್ತೋ ನನ್ನಪ್ಪಾ, ತಡಾ ಆಗಿತ್ತು' ಅಂದ್ರು. ಅಕ್ಕಾರ, ಅವತ್ತ ಅಂದ್ರ ಯಾವತ್ರಿ?"

ಅವತ್ತು ಅಂದರೆ ವಿಜಯ ಸತ್ತ ಮಧ್ಯಾಹ್ನ ಎಂದು ದಾಕ್ಷಾಯಣಿಗೆ ಗೊತ್ತಾಗಿತ್ತು. ಫೋನಿನಲ್ಲಿ, ಒಂಟಿಯಾಗಿ ನಿಂತ ಹುಡುಗಿಗೆ, ಅದನ್ನು ಹೇಳುವ ಧೈರ್ಯ ಅವಳಿಗೆ ಆಗಲಿಲ್ಲ. ಮಹಾಂತ ಆಗಲೇ ಶಟರ್ ಎತ್ತಿ ಅವಳ ಸ್ಕೂಟರನ್ನು ರಸ್ತೆಗೆ ತಿರುಗಿಸುತ್ತಿದ್ದ. ಸೋನ್ಯಾಳ ಅಲ್ಲಿಂದ ಹತ್ತಿರವೇನಿರಲಿಲ್ಲ.

"ಮಾವ ಎಲ್ಲಿ ಅದಾನ ಈಗ?"

ಖಣಿಯ ಕಡೆ ಹೋದ, ಅಲ್ಲಿ ಹಿಂಡು ಇಲ್ಲ, ಯಾಕೆ ಹೋದನೋ ಗೊತ್ತಾಗಲಿಲ್ಲ ಎಂದಳು ಶೀತಲ.

"ಸುಮನ?"

"ಅಂಗಳದಾಗ ಆಡಾಕತ್ಯಾಳ್ರಿ. ತಡೀರಿ, ನೋಡ್ತೀನಿ."

ಆಕೆ ನಡೆಯುವ ಸಪ್ಪಳ ಕೇಳಿಸಿತು. ಮಗಳ ಹೆಸರು ಹಿಡಿದು ಕರೆದಳು. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಕರೆದದ್ದು ದೂರದಿಂದ, ಮನೆಯ ಹಿಂದಿನಿಂದ ಕೇಳಿಸಿತು. ಆಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

ಮತ್ತೆ ಫೋನಿಗೆ ಬಂದಾಗ ಶೀತಲಳ ದನಿ ಬೇರೆಯಾಗಿತ್ತು.

"ಅಕ್ಕಾರ, ಮಾವ ಆಕೀನ್ನ ಖಣಿಗಿ ಕರಕೊಂಡ ಹೋದರೇನ್ರಿ? ಆಕಿ ಚಪ್ಪಲಿ ಇಲ್ಲೇ ಅದಾವ್ರಿ. ಆಕಿ ಇಲ್ಲ."